ಕೊಟ್ಟೂರಿನ ಮನೆಯ ಗರಿಗಳು

ತಪಸ್ಸುಕಾಲ ಹತ್ತಿರ ಬಂತೆಂದರೆ ನಮ್ಮ ಚರ್ಚಿನಲ್ಲಿ ಎಲ್ಲರೂ ನನ್ನಿಂದ ಸ್ವಲ್ಪ ದೂರವೇ ಇರುತ್ತಾರೆ. ಆ ವಾರ ನನ್ನ ಬಾಯಿ ಸುಮ್ಮನಿರುವುದಿಲ್ಲ. ಮುಂದಿನ ನಲವತ್ತು ದಿನ ಉಪವಾಸ, ಪ್ರಾರ್ಥನೆಗಳ ಕಾಲ. ಹಾಗಾಗಿ ಬಲಿಪೀಠದ ಹೂದಾನಿಗಳನ್ನು ತೊಳೆದು ಕಪಾಟಿಗೆ ಸೇರಿಸಬೇಕು, ಟ್ರಂಕಿನಲ್ಲಿರುವ ನೇರಳೆ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಬೇಕು, ಗೋಡೆಯ ಮೇಲಿನ ಶಿಲುಬೆ ಹಾದಿಯ ಹದಿನಾಲ್ಕು ಚಿತ್ರಗಳನ್ನು ಇಳಿಸಿ ಹಿಂದೆ ಮುಂದೆ ಒರೆಸಬೇಕು. ಹೇಳಿದ ಕೆಲಸ ಹೇಳಿದ ಹೊತ್ತಿಗೆ ಆಗದಿದ್ದರೆ ನಾನು ಪೂಜೆ ನಡೆಸುವ ಗುರುಗಳನ್ನೂ ಬಿಡುವವಳಲ್ಲ. ಪ್ರೈಮರಿ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿದ ಕೈ ಇದು, ನಿವೃತ್ತಿಯಾದರೂ ಅಭ್ಯಾಸ ಹೋಗಿಲ್ಲ.

ನಮ್ಮದು ಹಗರಿಬೊಮ್ಮನಹಳ್ಳಿಯ ಸಣ್ಣ ಚರ್ಚು. ಇಪ್ಪತ್ತಾರು ಮನೆಯವರು ಸೇರಿದರೆ ಅದೇ ನಮ್ಮ ಧರ್ಮಕೇಂದ್ರ. ಆ ಮನೆಗಳೂ ಒಂದೇ ಕಡೆ ಇಲ್ಲ, ತಂಬ್ರಹಳ್ಳಿಯಲ್ಲಿ ನಾಲ್ಕು, ಕೂಡ್ಲಿಗಿ ಕಡೆ ಐದು, ಕೊಟ್ಟೂರಿನಲ್ಲಿ ಎರಡು, ಹೀಗೆ ಚೆಲ್ಲಿಕೊಂಡಿವೆ. ನಮ್ಮಪ್ಪ ಇಲ್ಲಿ ಉಪದೇಶಿಯಾಗಿದ್ದವನು. ಗುರುಗಳು ಬರದ ಭಾನುವಾರ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಜಪ ಕಲಿಸುವುದು ಅವನ ಕೆಲಸ. ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರಕ್ಕೆ ಬೂದಿ ಮಾಡುವುದೂ ಅವನದೇ. ಅವನ ನಂತರ ಆ ಕೆಲಸ ನನಗೆ ಬಂತು, ನಾನು ಇನ್ನೊಬ್ಬರ ಕೈಗೆ ಬಿಟ್ಟುಕೊಡಲಿಲ್ಲ.

ಆ ಬೂದಿ ಅಂಗಡಿಯಲ್ಲಿ ಸಿಗುವುದಲ್ಲ. ಹಿಂದಿನ ವರ್ಷ, ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ, ಆಶೀರ್ವದಿಸಿ ಕೊಟ್ಟ ಈಚಲ ಗರಿಯನ್ನು ಪ್ರತಿ ಮನೆಯವರೂ ಶಿಲುಬೆಯ ಹಿಂದೆ ಸಿಕ್ಕಿಸಿ ಇಟ್ಟುಕೊಂಡಿರುತ್ತಾರೆ. ಅದನ್ನು ತಿಪ್ಪೆಗೆ ಎಸೆಯುವಂತಿಲ್ಲ, ಒಲೆಗೆ ಹಾಕುವಂತಿಲ್ಲ. ವರ್ಷ ತುಂಬಿದ ಮೇಲೆ ಚರ್ಚಿನವರು ಕೇಳಲು ಬಂದಾಗ ಅವರ ಕೈಗೆ ಕೊಡಬೇಕು. ಎಲ್ಲ ಮನೆಯ ಗರಿಗಳನ್ನೂ ಒಟ್ಟಿಗೆ ಸುಟ್ಟ ಬೂದಿಯನ್ನೇ ಎಲ್ಲರ ಹಣೆಗೆ ಹಚ್ಚುವುದು. ಬೇರೆ ಊರುಗಳಲ್ಲಿ ಜನರೇ ಗರಿಗಳನ್ನು ಚರ್ಚಿಗೆ ತಂದುಕೊಡುತ್ತಾರಂತೆ. ನಮ್ಮಲ್ಲಿ ಅಪ್ಪನ ಕಾಲದಿಂದಲೂ ಮನೆಮನೆಗೆ ಹೋಗಿ ಕೇಳುವ ಪದ್ಧತಿ. ಯಾರ ಮನೆಯಲ್ಲಿ ಜಗಳ, ಯಾರ ಮನೆಯಲ್ಲಿ ಕಾಯಿಲೆ ಎಂಬುದು ಗರಿ ಕೇಳುವ ನೆವದಲ್ಲಿ ತಿಳಿಯುತ್ತದೆ ಎನ್ನುತ್ತಿದ್ದ ಅಪ್ಪ. ಒಂದು ಮನೆಯನ್ನೂ ಬಿಡಬಾರದು ಎಂದೂ ಹೇಳಿದ್ದ. ನಾನು ಬಿಟ್ಟೆ, ನನ್ನ ತಂಗಿಯ ಮನೆಯನ್ನೇ ಬಿಟ್ಟೆ.

ನನಗೂ ಅವಳಿಗೂ ಹದಿನಾರು ವರ್ಷದ ಅಂತರ. ಅವಳು ನಾಲ್ಕು ವರ್ಷದವಳಿದ್ದಾಗ ಅಮ್ಮ ತೀರಿಕೊಂಡಳು. ತಲೆ ಬಾಚಿದ್ದು, ಜ್ವರ ಬಂದರೆ ತೊಡೆಯ ಮೇಲೆ ಹಾಕಿಕೊಂಡಿದ್ದು, ಅಕ್ಷರ ಕಲಿಸಿದ್ದು ಎಲ್ಲ ನಾನೇ. ನಾನು ಮದುವೆಯಾಗಲಿಲ್ಲ, ಅದಕ್ಕೆ ಅವಳು ಕಾರಣವಲ್ಲ, ಆದರೂ ಸಿಟ್ಟು ಬಂದಾಗ ಅವಳ ಮೇಲೆ ಹಾಕುತ್ತಿದ್ದೆ. ಅಪ್ಪ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಗರಿಗಳ ಭಾನುವಾರ ಪೂಜೆ ಮುಗಿಸಿ ಬಂದು ಪಡಸಾಲೆಯಲ್ಲಿ ಕೂತು ಗರಿಯನ್ನು ಶಿಲುಬೆಯಾಗಿ ಮಡಿಚುತ್ತಿದ್ದೆವು. ನಮ್ಮ ಕಡೆ ಹಳ್ಳದ ದಂಡೆಯ ಈಚಲ ಗರಿಯೇ ಗತಿ, ಅದು ಒರಟು, ಬೆರಳು ಕೊಯ್ಯುತ್ತದೆ. ಅವಳು ನೀಟಾಗಿ ಮಡಿಚುತ್ತಿದ್ದಳು. ನನ್ನ ಶಿಲುಬೆಗೆ ಯಾವಾಗಲೂ ಒಂದು ಉದ್ದ ಬಾಲ ಉಳಿಯುತ್ತಿತ್ತು, ಅವಳು ಅದನ್ನು ಹಿಡಿದು ನನ್ನನ್ನು ಕಾಡಿಸುತ್ತಿದ್ದಳು.

ಅವಳು ಕೊಟ್ಟೂರಿನ ಕಾಲೇಜೊಂದರಲ್ಲಿ ಗುಮಾಸ್ತೆಯಾಗಿದ್ದಳು. ಮೂವತ್ತಾರು ದಾಟುತ್ತಿರುವಾಗ, ಅಲ್ಲಿ ಹಗ್ಗ, ಬಕೆಟ್ಟು, ಸಲಿಕೆ ಮಾರುವ ಅಂಗಡಿಯವರೊಬ್ಬರನ್ನು ಮದುವೆಯಾಗುತ್ತೇನೆ ಎಂದಳು. ಶಿವಭಕ್ತರ ಮನೆತನ. ನಾನು ಆಡಬಾರದ ಮಾತೆಲ್ಲ ಆಡಿದೆ. ಧರ್ಮದ ವಿಷಯ ಎತ್ತಿ ಕೂಗಾಡಿದೆ, ಆದರೆ ಈಗ ಸುಳ್ಳು ಹೇಳಿ ಪ್ರಯೋಜನವಿಲ್ಲ. ನನ್ನನ್ನು ಒಬ್ಬಳನ್ನೇ ಬಿಟ್ಟು ಹೋಗುತ್ತಾಳಲ್ಲ ಎಂಬುದೇ ನನ್ನ ಸಿಟ್ಟು. ಅದನ್ನು ಹಾಗೇ ಹೇಳಿದ್ದರೆ ಅವಳು ತಬ್ಬಿಕೊಂಡು ಅತ್ತುಬಿಡುತ್ತಿದ್ದಳು, ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ರಿಜಿಸ್ಟರ್ ಮದುವೆಗೆ ನಾನು ಹೋಗಲಿಲ್ಲ. ಹೋಗುವಾಗ ಅವಳು ಆ ವರ್ಷದ ಗರಿಯನ್ನು ಮಾತ್ರ ಶಿಲುಬೆಯ ಹಿಂದಿನಿಂದ ತೆಗೆದುಕೊಂಡು ಹೋಗಿದ್ದಳು. ಮರುವರ್ಷ ಗರಿ ಕೇಳುವ ವಾರ ಬಂದಾಗ ನಾನು ಕೊಟ್ಟೂರಿಗೆ ಹೋದೆ. ನಮ್ಮವರ ಎರಡು ಮನೆಗಳು ಇರುವುದೂ ಅವಳ ಓಣಿಯಲ್ಲೇ, ಅವಳ ಬಾಗಿಲು ದಾಟಿಯೇ ಹೋಗಬೇಕು. ಅವಳು ಹೊಸಿಲಲ್ಲಿ ನಿಂತಿದ್ದಳು, ಎರಡೂ ಕೈಯಲ್ಲಿ ಆ ಗರಿ ಹಿಡಿದುಕೊಂಡು. ಹಣೆಯ ಮೇಲೆ ವಿಭೂತಿ ಇತ್ತು. ಬೆಳಿಗ್ಗೆ ಅತ್ತೆ ಹಚ್ಚಿದ್ದಿರಬೇಕು. ಅದನ್ನು ಕಂಡದ್ದೇ ತಡ, ನನ್ನ ತಲೆ ಕೆಟ್ಟಿತು.

“ನಿನ್ನ ಹಣಿಮ್ಯಾಲ ಆಗ್ಲೇ ಬೂದಿ ಐತಲ್ಲ,” ಎಂದೆ. “ನಮ್ಮ ಬೂದಿ ನಿನಗ್ಯಾಕ?”

ಅವಳು ನೀಡಿದ ಕೈ ಹಾಗೇ ಇತ್ತು. ನಾನು ಗರಿ ಮುಟ್ಟದೆ ಮುಂದಿನ ಮನೆಗೆ ಹೋದೆ. ಮನೆಗೆ ಬಂದು, ನನ್ನ ಕೈಯಿಂದಲೇ ಬರೆದಿದ್ದ ಮನೆಗಳ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದೆ.

ಆಮೇಲೆ ಏಳು ವರ್ಷ ಆ ಓಣಿಯಲ್ಲಿ ಹೋಗಿದ್ದೇನೆ. ಆ ವಾರ ಅವಳ ಮನೆಯ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ನಾನು ಎದುರುಗಡೆ ಗೋಡೆ ನೋಡುತ್ತ ಹೋಗುತ್ತಿದ್ದೆ, ಗೋಡೆ ನೋಡುತ್ತ ವಾಪಸು ಬರುತ್ತಿದ್ದೆ. ಕಟ್ಟೆಯ ಮೇಲೆ ಯಾರೋ ಕೂತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಕೂಗಿ ಕರೆಯಲಿ, ಆಗ ನೋಡೋಣ ಎಂದುಕೊಳ್ಳುತ್ತಿದ್ದೆ. ಅವಳು ಕರೆಯಲಿಲ್ಲ, ನಾನು ಬೈದರೆ ತಿರುಗಿ ಮಾತಾಡದವಳು ಅವಳು, ಚಿಕ್ಕಂದಿನಿಂದಲೂ ಹಾಗೇ.

ಹೋದ ವರ್ಷ ಶಿವರಾತ್ರಿಯ ಹೊತ್ತಿಗೆ ಅವಳಿಗೆ ಹುಷಾರಿಲ್ಲ ಎಂದು ಕೊಟ್ಟೂರಿನವರು ಹೇಳಿದರು. ಲಿವರಿನ ತೊಂದರೆಯಂತೆ. ಈಸ್ಟರ್ ಮುಗಿಯಲಿ, ಹೋದರಾಯಿತು ಎಂದೆ. ಈಸ್ಟರ್ ಮುಗಿದ ಮೇಲೆ ಬಿಸಿಲು ಇಳಿಯಲಿ ಎಂದೆ. ಕಾರ್ತೀಕದಲ್ಲಿ ಅವಳು ತೀರಿಕೊಂಡಳು. ಹೋದೆ. ಅವರ ಪದ್ಧತಿಯಂತೆ ಕೂರಿಸಿದ್ದರು, ಹಣೆಯ ತುಂಬ ವಿಭೂತಿ. ನಾನು ಜನರ ಹಿಂದೆ ನಿಂತು ನೋಡಿದೆ. ಮುಖ ಅಮ್ಮನದೇ ಆಗಿತ್ತು. ಯಾರ ಹತ್ತಿರವೂ ಮಾತಾಡದೆ ಬಸ್ಸು ಹತ್ತಿ ಬಂದುಬಿಟ್ಟೆ.

ಈ ವರ್ಷ ಗರಿ ಕೇಳಲು ಕೊಟ್ಟೂರಿಗೆ ಹೋಗುವುದು ನನ್ನಿಂದ ಆಗಲಿಲ್ಲ. ಮಂಡಿನೋವು ಎಂದು ಗುರುಗಳಿಗೆ ಹೇಳಿದೆ, ಆ ಎರಡು ಮನೆಯವರೇ ತಮ್ಮ ಗರಿಗಳನ್ನು ಕಳಿಸಿಕೊಟ್ಟರು. ಬೂದಿ ಬುಧವಾರದ ಹಿಂದಿನ ದಿನ ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ಕಬ್ಬಿಣದ ಬಾಣಲೆ ಇಟ್ಟುಕೊಂಡು ಗರಿಗಳನ್ನು ತುಂಡು ಮಾಡುತ್ತ ಕೂತಿದ್ದೆ. ಪಕ್ಕದಲ್ಲಿ ನಮ್ಮ ಹೊಸ ಗುರುಗಳು. ಬೂದಿಗೆ ನೀರು ಬೆರೆಸಲೇ ಎಂದು ಕೇಳಿ ನನ್ನಿಂದ ಬೈಸಿಕೊಂಡಿದ್ದರು. ಹಿಂದೆ ಒಬ್ಬ ಗುರುಗಳು ಹಾಗೆ ಮಾಡಿ ಊರಿನವರ ಹಣೆಯೆಲ್ಲ ಉರಿದು ಕೆಂಪಾಗಿತ್ತು. ಬೂದಿಯನ್ನು ಹಳೆಯ ಸೀರೆಯಲ್ಲಿ ಎರಡು ಸಲ ಸೋಸಿ ಒಣಗಿದ್ದನ್ನೇ ಹಚ್ಚಬೇಕು ಎಂದು ಅವರಿಗೆ ಪಾಠ ಹೇಳುತ್ತಿದ್ದೆ. ಆಗ ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಒಬ್ಬರು ನಿಂತಿದ್ದು ಕಂಡಿತು. ಬಿಳಿ ಅಂಗಿ, ಹಣೆಯ ಮೇಲೆ ಮೂರೆಳೆ ವಿಭೂತಿ, ಕಂಕುಳಲ್ಲಿ ಒಂದು ಬಟ್ಟೆಯ ಚೀಲ. ತಂಗಿಯ ಗಂಡ. ಒಳಗೆ ಬನ್ನಿ ಎಂದು ಗುರುಗಳೇ ಕರೆದರು, ನಾನು ಗರಿ ತುಂಡು ಮಾಡುತ್ತಲೇ ಇದ್ದೆ.

ಅವರು ನನ್ನೆದುರು ಕುಕ್ಕರಗಾಲಲ್ಲಿ ಕೂತು ಚೀಲದಿಂದ ಒಂದು ಕಟ್ಟು ತೆಗೆದರು.

“ಅಕ್ಕಾರ, ಇವನ್ನ ನಿಮ್ಮ ಕೈಯಾಗೇ ಕೊಡಬೇಕು ಅಂತ ಹೇಳಿದ್ಲು,” ಎಂದರು.

ಒಂಬತ್ತು ಗರಿಗಳು. ಒಂದೊಂದನ್ನೂ ಬೇರೆ ಬೇರೆ ದಾರದಲ್ಲಿ ಸುತ್ತಿದ್ದಳು. ಪ್ರತಿ ವರ್ಷ ಗರಿಗಳ ಭಾನುವಾರ ಅವಳು ಬೆಳಗಿನ ಬಸ್ಸಿಗೆ ಹೊಸಪೇಟೆಗೆ ಹೋಗಿ, ಗುರುತಿನವರು ಯಾರೂ ಇಲ್ಲದ ಆ ಚರ್ಚಿನಲ್ಲಿ ಹಿಂದೆ ನಿಂತು ಗರಿ ತರುತ್ತಿದ್ದಳಂತೆ. ವರ್ಷ ತುಂಬಿದ ಗರಿಯನ್ನು ಹಳ್ಳಕ್ಕೆ ಬಿಡಲೇ ಎಂದು ಅವರು ಕೇಳಿದರೆ ಬೇಡ ಎನ್ನುತ್ತಿದ್ದಳಂತೆ. ಕೇಳಲು ಬಂದವರ ಕೈಗೇ ಕೊಡಬೇಕು, ಕೊಡುವ ತನಕ ಕಾಯಬೇಕು.

“ಈ ವಾರ ಬಂತಂದ್ರ ಬಾಗ್ಲ ಹಾಕಾಕ ಬಿಡ್ತಿರಲಿಲ್ರಿ. ಈ ಸಲ ಅಕ್ಕ ಗರಿ ಕೇಳ್ತಾಳ ಅಂತ ಕಟ್ಟಿಮ್ಯಾಲ ಕುಂತಿರೋಳು.”

ಹೋದ ವರ್ಷದ್ದು ಯಾರು ತಂದರು ಎಂದು ಕೇಳಿದೆ, ಆಗಲೇ ಅವಳು ಹಾಸಿಗೆ ಹಿಡಿದಿದ್ದಳಲ್ಲ. ಅವರು ಸ್ವಲ್ಪ ನಾಚಿಕೊಂಡರು. ತಾವೇ ಹೋಗಿದ್ದರಂತೆ. ಜನ ಗರಿ ಎತ್ತಿ ಹಾಡುತ್ತ ಹೊರಟಾಗ ಏನು ಮಾಡಬೇಕೋ ತಿಳಿಯದೆ ತಾವೂ ಅವರೊಂದಿಗೆ ಚರ್ಚನ್ನು ಒಂದು ಸುತ್ತು ಬಂದರಂತೆ. ಹಣೆಯ ವಿಭೂತಿ ನೋಡಿಯೂ ಅಲ್ಲಿ ಯಾರೂ ಏನೂ ಕೇಳಲಿಲ್ಲ, ಒಬ್ಬ ಅಮ್ಮ ತನ್ನ ಕೈಯಲ್ಲಿದ್ದ ಎರಡು ಗರಿಗಳಲ್ಲಿ ಒಂದನ್ನು ಅವರಿಗೆ ಕೊಟ್ಟಳು. ಅವರು ಇದನ್ನು ಸಹಜವಾಗಿ ಹೇಳಿದರು. ನನ್ನನ್ನು ಚುಚ್ಚಬೇಕೆಂದು ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಕಟ್ಟಿನ ತಳದಲ್ಲಿ ಎಲ್ಲಕ್ಕಿಂತ ಹಳೆಯದು ಇತ್ತು. ಮುಟ್ಟಿದರೆ ಪುಡಿಯಾಗುವಂತಿತ್ತು. ಉಳಿದ ಎಂಟೂ ಗರಿಗಳು ಮಡಿಚದೆ ಉದ್ದಕ್ಕಿದ್ದವು, ಅದೊಂದು ಮಾತ್ರ ಶಿಲುಬೆಯಾಗಿ ಮಡಿಚಿದ್ದು. ಕೆಳಗೆ ಉದ್ದ ಬಾಲ. ನಾನು ಮಡಿಚಿದ್ದು, ನಾನು ಹೊಸಿಲಲ್ಲಿ ಮುಟ್ಟದೆ ಬಂದದ್ದು.

ಅದೊಂದನ್ನು ನಾನೇ ಇಟ್ಟುಕೊಳ್ಳಲೇ ಎಂದು ಗುರುಗಳನ್ನು ಕೇಳಿದೆ. ಅವರು ನನ್ನ ಮುಖ ನೋಡಿ, ಇಟ್ಟುಕೊಳ್ಳಿ ಎಂದರು. ಆದರೆ ತಂಗಿ ಒಂಬತ್ತು ವರ್ಷ ಅದನ್ನು ಕಾದಿಟ್ಟದ್ದು ನನ್ನ ಪೆಟ್ಟಿಗೆಯಲ್ಲಿ ಇರಲೆಂದಲ್ಲ. ಎಲ್ಲರ ಮನೆಯ ಗರಿಯ ಜೊತೆ ತನ್ನದೂ ಸೇರಲಿ, ತಾನೂ ಆ ಪಟ್ಟಿಯಲ್ಲಿ ಇರಲಿ ಎಂದು. ನಾನು ದಾರಗಳನ್ನು ಬಿಚ್ಚಿ ಒಂಬತ್ತನ್ನೂ ಬಾಣಲೆಗೆ ಹಾಕಿದೆ. ಒಣಗಿದ ಗರಿ, ಕಡ್ಡಿ ಗೀರಿದ ಕೂಡಲೇ ಹತ್ತಿಕೊಂಡಿತು. ನಾನು ಜೋರಾಗಿ ಅತ್ತೆ. ನಾನು ಅಳುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ತಂಗಿಯ ಗಂಡ ಎದ್ದು ಹೋಗಿ ನಲ್ಲಿಯಿಂದ ಒಂದು ಚೊಂಬು ನೀರು ತಂದು ನನ್ನ ಪಕ್ಕ ಇಟ್ಟರು.

ಮರುದಿನ ಸಂಜೆ ಪೂಜೆಗೆ ಅವರು ಮತ್ತೆ ಬಂದರು, ಕೊನೆಯ ಬೆಂಚಿನಲ್ಲಿ ಕೂತರು. ನಮ್ಮಲ್ಲಿ ಬೂದಿ ಹಚ್ಚಲು ಎರಡು ಸಾಲು, ಒಂದಕ್ಕೆ ಗುರುಗಳು, ಇನ್ನೊಂದಕ್ಕೆ ತಟ್ಟೆ ಹಿಡಿದು ನಾನು. ಅವರು ನನ್ನ ಸಾಲಿಗೆ ಬಂದು ತಲೆ ಬಗ್ಗಿಸಿದರು. ಹಣೆಯ ಮೇಲೆ ಬೆಳಗಿನ ವಿಭೂತಿ ಇತ್ತು. ನಾನು ಅದರ ಮೇಲೆಯೇ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕಿದೆ. ನೀನು ಮಣ್ಣು, ಮಣ್ಣಿಗೇ ಮರಳುವೆ ಎಂದು ಹೇಳಬೇಕಾದ ಹೊತ್ತು ಅದು.

“ಬರೋ ವರ್ಷ ಗರಿ ಕೇಳಾಕ ನಿಮ್ಮನಿಗೆ ಬರ್ತೀನ್ರಿ,” ಎಂದೆ.

ಅವರು ತಲೆ ಎತ್ತಿದರು. “ಬರ್ರಿ ಅಕ್ಕಾರ. ಆದ್ರ ಕೊಡಾಕ ಮನ್ಯಾಗ ಇನ್ನ ಗರಿ ಇಲ್ರಿ.”

ಅದರಲ್ಲಿ ಸಿಟ್ಟೇನೂ ಇರಲಿಲ್ಲ, ಇದ್ದದ್ದನ್ನು ಹೇಳಿದರು. ಅವರ ಹಿಂದೆ ಜನ ನಿಂತಿದ್ದರು. ನಾನು ತಟ್ಟೆಯ ಬೂದಿಯಲ್ಲಿ ಮತ್ತೆ ಹೆಬ್ಬೆರಳು ಒತ್ತಿದೆ.