ಕೊಬ್ಬರಿ ಚೀಲದೊಳಗಿನ ಕೋಳಿ

೧೯೮೦ರ ಆಸುಪಾಸಿನಲ್ಲಿ, ಮೊಟ್ಟೆಯನ್ನೂ ಮುಟ್ಟದ ಮನೆಯವನಾದ ನಾನು, ಬಿಳಿಗೆರೆಯ ನಮ್ಮ ತೋಟದ ಮೂಲೆಯಲ್ಲಿ ನೆಂಟರಿಗೆ ತಿಳಿಯದಂತೆ ನೂರು ಕೋಳಿ ಸಾಕಿದ್ದೆ. ಅವು ಭೇದಿ ಹತ್ತಿ ಒಂದೊಂದಾಗಿ ಸಾಯತೊಡಗಿದವು. ಕರುಳಿಗೆ ಬ್ಯಾಕ್ಟೀರಿಯಾ ತಗುಲಿರಬಹುದು, ಕೊಯ್ದು ನೋಡದೆ ಔಷಧ ಹೇಳಲಾರೆ, ಸತ್ತದ್ದೊಂದನ್ನು ತನ್ನಿ ಎಂದರು ತಿಪಟೂರಿನ ದನದ ಡಾಕ್ಟರು.

ಮಾನ ಹೋದೀತೆಂದು ಹೆದರಿ ಅದನ್ನು ಕೊಬ್ಬರಿ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಸತ್ತದ್ದು ಎಲ್ಲಿ ಕೂಗಿಬಿಡುತ್ತದೋ ಎಂಬ ಚಿಂತೆ ಬೇರೆ. ನಮ್ಮ ಕಡೆಯವರು ಕೊಬ್ಬರಿ ಚೀಲ ಕಂಡರೆ ಕೈ ಹಾಕದೆ ಬಿಡುವುದಿಲ್ಲ ಎಂಬುದು ಮಾತ್ರ ಮರೆತಿತ್ತು.

ಕಿಟಕಿ ಪಕ್ಕ ಕೂತಿದ್ದವರು ಹೆಂಡತಿಯ ಸೋದರಮಾವ, ಕೊಬ್ಬರಿ ವ್ಯಾಪಾರಿ, ಹಣೆತುಂಬ ವಿಭೂತಿ.

“ಸ್ಯಾಂಪಲ್ಲಾ? ಎಲ್ಲಿ, ನೋಡಾನ,” ಎಂದು ಕೈ ಇಳಿಸಿಯೇಬಿಟ್ಟರು.

“ಬ್ಯಾಡಿ ಮಾವ, ಇನ್ನೂ ಒಣಗಿಲ್ಲ!” ಎಂದೆ.

ಕೋಳಿಯ ಕಾಲು ಸಿಕ್ಕಿರಬೇಕು. ಕೈ ಒಳಗೇ ನಿಂತಿತು, ಮುಖ ಬಿಳಿಚಿತು. ಅಷ್ಟರಲ್ಲಿ ಮುಂದಿನ ಸೀಟಿನವನೊಬ್ಬ ತಿರುಗಿ, “ಹೆಂಗದೆ ಯಜಮಾನ್ರೇ ಮಾಲು?” ಎಂದು ಕೇಳಿದ.

ಈಗ ಮಾನ ನನ್ನೊಬ್ಬನದಾಗಿರಲಿಲ್ಲ. ಚೀಲದೊಳಗಿದ್ದದ್ದು ಅವರ ಕೈ.

“ಚಿನ್ನದಂಥ ಮಾಲು ಕಣ್ರೀ,” ಎಂದವರೇ ಮಾವ ಮೆಲ್ಲಗೆ ಕೈ ತೆಗೆದು, ಚೀಲದ ಬಾಯನ್ನು ತಾವೇ ಬಿಗಿದು ಕಟ್ಟಿದರು.

ತಿಪಟೂರು ಬರುವವರೆಗೂ ಆ ಕೈಯನ್ನು ಕಿಟಕಿಯ ಹೊರಗೇ ಹಿಡಿದಿದ್ದರು.