ಸುಮಿತ್ರ ಡಾಟ್ ಕಾಮ್ ಕೈ ಬದಲಾದದ್ದು

ಸ್ನೇಹಿತರೇ, ನಿನ್ನೆ ನನ್ನ ಬ್ಲಾಗಿಗೆ ಕಾಮೆಂಟ್ ಬರೆದು ನೀವು ಎಚ್ಚರಿಸಿದಂತೆ ನಾನು ದುಡ್ಡನ್ನು ಮೊದಲೇ ಕೊಡಲಿಲ್ಲ. ತೀರಿಕೊಂಡ ನನ್ನ ಹೆಂಡತಿ ಸುಮಿತ್ರಳ ರಂಗೋಲಿಗಳನ್ನು ಅವಳದೇ ಹೆಸರಿನ ವೆಬ್‌ಸೈಟಿನಲ್ಲಿ ಹಾಕಬೇಕೆಂದು ನನ್ನ ಹಟ. ಆ ಹೆಸರನ್ನು ಕುಣಿಗಲ್ಲಿನ ಗಿರೀಶ ಎಂಬಾತ ಮೊದಲೇ ಕೊಂಡಿಟ್ಟುಕೊಂಡಿದ್ದ.

ಇವತ್ತು ಗುಬ್ಬಿಯ ಸೈಬರ್ ಸೆಂಟರಿನಲ್ಲಿ ಸೇರಿದೆವು. "ಮೊದ್ಲು ದುಡ್ ಕೊಡಿ ಸಾರ್" ಎಂದ ಗಿರೀಶ. "ಫಸ್ಟ್ ಹೆಸ್ರು ಟ್ರಾನ್ಸ್‌ಫರ್" ಎಂದೆ. ಕೊನೆಗೆ ಇಬ್ಬರಿಗೂ ಪರಿಚಯದ, ಪಕ್ಕದ ವಾಚ್ ರಿಪೇರಿ ಅಂಗಡಿಯ ನಯಾಜ್ ಸಾಹೇಬರು ದುಡ್ಡನ್ನು ತಮ್ಮ ಜೇಬಿಗೆ ಹಾಕಿಕೊಂಡರು. "ಕಂಪ್ಯೂಟರ್‌ನಲ್ಲಿ ಇವ್ರ ಹೆಸ್ರು ಬರ್ಲಿ, ಆಮೇಲ್ ಕೊಡ್ತೀನಿ. ಇಬ್ರೂ ಸುಮ್ನಿರಿ!"

ಗಿರೀಶ ಗುಂಡಿ ಒತ್ತಿದ. ನನ್ನ ಹೆಸರು ಬರಲಿಲ್ಲ. ಕಾದೆವು. ಟೈಮ್ ಅಂಡ್ ಟೈಡ್ ವೇಟ್ ಫಾರ್ ಎಂದು ಇಂಗ್ಲಿಷ್ ಗಾದೆ ಶುರುಮಾಡಿದೆ, ಯಾರಿಗಾಗಿ ಎಂಬುದು ನೆನಪಾಗಲಿಲ್ಲ.

"ಯಾಕಪ್ಪಾ ಮಾರ್ತಿದೀಯ?" ಎಂದು ಕೇಳಿದೆ.

"ಎಂಗೇಜ್‌ಮೆಂಟ್ ಆಗಿತ್ತು ಸಾರ್, ಆ ಹುಡ್ಗಿ ಹೆಸ್ರು. ಮುರಿದೋಯ್ತು. ನಿಮ್ಗ್ಯಾಕೆ ಈ ಹೆಸ್ರು?"

"ನನ್ ಹೆಂಡ್ತಿ ಹೆಸ್ರು ಕಣಪ್ಪ."

"ಓ, ಮೇಡಮ್ಮೋರ್ಗೆ ಸರ್‌ಪ್ರೈಸಾ?"

ಹೂಂ ಎಂದೆ. ವಿಷಯ ಗೊತ್ತಿದ್ದ ನಯಾಜ್ ಸಾಹೇಬರು ಕೈಯಲ್ಲಿದ್ದ ವಾಚಿನ ಮುಚ್ಚಳ ಬಿಚ್ಚತೊಡಗಿದರು.

ಅಂತೂ ನನ್ನ ಹೆಸರು ಬಂತು, ದುಡ್ಡು ಗಿರೀಶನ ಕೈ ಸೇರಿತು. "ವರ್ಷ ವರ್ಷ ರಿನ್ಯೂ ಮಾಡ್ಸಿ ಸಾರ್, ಇಲ್ಲಾಂದ್ರೆ ಬೇರೆಯವ್ರ್ ಪಾಲಾಗುತ್ತೆ" ಎಂದು ಬುದ್ಧಿ ಹೇಳಿ ಹೊರಟ.

ಮೂವತ್ತೊಂದು ವರ್ಷ ನಮ್ಮ ಸಂಸಾರ ರಿನ್ಯೂವಲ್ ಇಲ್ಲದೆಯೇ ನಡೆದಿತ್ತು, ಸ್ನೇಹಿತರೇ. ಕಿಟಕಿಯಲ್ಲಿ ಬೆಳಕು ಇಳಿಯುತ್ತಿದೆ, ಕೀಬೋರ್ಡಿನ ಅಕ್ಷರ ಕಾಣುತ್ತಿಲ್ಲ. ಸಾಕು.