ಊಟಿಯ ಡ್ರಮ್ಮಿನಲ್ಲಿ ಪಚ್ಚಬಾಳೆ

ಪುಟ್ಟಿ, ಚಿಣ್ಣ,

ಅಜ್ಜಿ ಫೋನಿನಲ್ಲಿ ಸರಿಯಾಗಿ ಮಾತಾಡುವುದಿಲ್ಲ ಎಂದು ನೀವು ದೂರುವುದು ಸುಳ್ಳಲ್ಲ. ಫೋನು ಕಿವಿಗಿಟ್ಟ ಕೂಡಲೇ ನನಗೆ "ಊಟ ಆಯ್ತಾ" ಎನ್ನುವುದರ ಮುಂದೆ ಏನೂ ಹೊಳೆಯುವುದಿಲ್ಲ. ಮೊನ್ನೆ ನೀವಿಬ್ಬರೂ ಒಟ್ಟಿಗೆ "ಅಜ್ಜಿ, ವಾಪಾಸ್ ಬತ್ರಾ, ಇಲ್ಯಾ" ಎಂದು ಕೇಳಿದಾಗಲೂ ನಾನು "ಊಟ ಆಯ್ತಾ" ಎಂದೇ ಹೇಳಿದೆ. ಆಗ ಬೆಳಿಗ್ಗೆ ಹತ್ತು ಗಂಟೆ. ಅದಕ್ಕೇ ಇಲ್ಲಿ ವಂಡ್ಸೆಯ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಅಟ್ಟದ ಮೇಲೆ ಹುಲ್ಲಿನಡಿಯಲ್ಲಿ ನಮ್ಮ ಊಟಿಯ ಬಾಳೆಗೊನೆ ಮಲಗಿದೆ. ನೀವು ಕೇಳಿದ ಪ್ರಶ್ನೆಗೆ ಉತ್ತರ ಆ ಬಾಳೆಯಿಂದಲೇ ಶುರುವಾಗಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರಹ ಇದು, ನಿಧಾನವಾಗಿ ಓದಿ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಿಮ್ಮಮ್ಮ ನನ್ನನ್ನು ಊಟಿಗೆ ಕರೆದಳು. ಬ್ರಹ್ಮಾವರದ ಹತ್ತಿರ ಹುಟ್ಟಿದ ನಿಮ್ಮಪ್ಪ ಅಲ್ಲಿ ಹೋಟೆಲು ಇಟ್ಟು ಎಷ್ಟೋ ವರ್ಷವಾಗಿತ್ತು. ಬರಿಗೈಯಲ್ಲಿ ಮಗಳ ಮನೆಗೆ ಹೋಗುವುದು ಹೇಗೆ? ಊಟಿಯಲ್ಲಿ ಬಾಳೆಲೆ ಸಿಗುವುದು ಕಷ್ಟ, ಕೆಳಗಿನ ಊರಿಂದ ತರಿಸಬೇಕು ಎಂದು ಅವಳು ಯಾವಾಗಲೋ ಹೇಳಿದ್ದು ನೆನಪಿತ್ತು. ಬಚ್ಚಲ ಹಿಂದಿನ ಹಿಂಡಿನಿಂದ ಒಂದು ಬಾಳೆಕಂದು ಅಗೆದು ಗೋಣಿಯಲ್ಲಿ ಸುತ್ತಿಕೊಂಡೆ. ಅರವತ್ತು ಜನ ಕೂರುವ ಹೋಟೆಲಿಗೆ ಒಂದು ಕಂದು. ಲೆಕ್ಕದಲ್ಲಿ ನಾನು ಶಾಲೆಯಲ್ಲೂ ಹಿಂದೆಯೇ.

ಅದು ಪಚ್ಚಬಾಳೆ, ಗಿಡ್ಡ ಜಾತಿ. ಡ್ರಮ್ಮಿನಲ್ಲಿ ಬೆಳೆಸಲು, ಚಳಿ ತಡೆಯಲು ಅದಕ್ಕಿಂತ ಒಳ್ಳೆಯದಿಲ್ಲ ಎಂದು ಆಮೇಲೆ ಯಾರೋ ಗಿರಾಕಿ ನನ್ನನ್ನು ಹೊಗಳಿದರು. ನಾನು ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ. ನಿಜ ಹೇಳುತ್ತೇನೆ, ಬಸ್ಸಿನ ಸೀಟಿನಡಿ ಹಿಡಿಸಿದ ಕಂದು ಅದೊಂದೇ ಆಗಿತ್ತು.

ಊಟಿಯಲ್ಲಿ ಅಗೆಯಲು ನೆಲವಿರಲಿಲ್ಲ. ಹೋಟೆಲಿನ ಹಿಂದೆ ಕಾಂಕ್ರೀಟು ಅಂಗಳ. ನಿಮ್ಮಪ್ಪ ಒಂದು ನೀಲಿ ಡ್ರಮ್ಮು ಅರ್ಧ ಕೊಯ್ಸಿ ಕೊಟ್ಟರು. ನಾನು ಮಣ್ಣು ತುಂಬಿಸಿ ಕಂದು ನೆಟ್ಟೆ. ಅಡುಗೆಯವರು ಬೈಂದೂರು ಕಡೆಯವರು, ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇಲ್ಲ್ ಮನ್ಷರೇ ಮುದುಡ್ಕಂಡ್ ಇರ್ತ್ರ್ ಅತ್ತೆ, ಬಾಳಿ ಎಂತ ಬದ್ಕತ್ತ್?" ಎಂದರು ನಿಮ್ಮಪ್ಪ.

"ಬಾಳಿ ಸುದ್ದಿ ಇರ್ಲಿ," ಎಂದಳು ನಿಮ್ಮಮ್ಮ. "ಅಮ್ಮ, ನೀನ್ ಇನ್ನ್ ಇಲ್ಲೇ ಇರ್ತ್ಯಾ, ಇಲ್ಯಾ? ಅದ್ ಹೇಳ್ ಮೊದ್ಲ್."

ಇಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಮದುವೆಮನೆಯಲ್ಲಿ ಮೂರನೇ ಸಲ ಪಾಯಸ ಬಡಿಸಿದರೂ ಸಾಕು ಎನ್ನಲಾಗದೆ ತಿಂದವಳು ನಾನು. ಆದರೆ ಊಟಿಗೆ ಬಂದ ಮೂರೇ ದಿನಕ್ಕೆ ಮಂಡಿ ಹಿಡಿದಿತ್ತು. ತಮಿಳು ಬಾರದು. ಬಟ್ಟೆ ಒಣಗದು. ನನಗೆ ವಂಡ್ಸೆಗೆ ಹೋಗಬೇಕಿತ್ತು. ಅಲ್ಲಿ ನನ್ನ ಓರಗಿತ್ತಿಯ ಸಂಸಾರ ಇದೆ, ದಿನವಿಡೀ ಜಗಳಕ್ಕೆ ಜನ ಇದ್ದಾರೆ. ಬಾಯಿಬಿಟ್ಟು ಹೇಳಲಾಗದೆ ಆ ಮಾತನ್ನು ಗಿಡದ ಮೇಲೆ ಹೊರಿಸಿದೆ.

"ಈ ಬಾಳಿ ಗೊನಿ ಹಾಕ್ರೆ ನಾನಿಲ್ಲೇ ಇರ್ತೆ. ಸತ್ರೆ ಊರಿಗ್ ಹೋತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಳಿಗಾಲದೊಳಗೆ ಅದು ಸಾಯುತ್ತದೆ, ಯಾರ ಮನಸ್ಸೂ ನೋಯಿಸದೆ ನಾನು ಬಸ್ಸು ಹತ್ತಬಹುದು. ಜೀವಮಾನದಲ್ಲಿ ಒಮ್ಮೆ ಜಾಣತನ ಮಾಡಿದೆ ಎಂದು ಆ ದಿನ ನನಗೆ ಭಾರೀ ಹೆಮ್ಮೆ.

ಸಾಯಲಿ ಎಂದು ಬಿಟ್ಟುಬಿಡಬಹುದಿತ್ತು, ಆದರೆ ಕೈ ಕೇಳಲಿಲ್ಲ. ನಮ್ಮೂರಲ್ಲಿ ಬಚ್ಚಲ ನೀರೆಲ್ಲ ಬಾಳೆಬುಡಕ್ಕೇ ಹರಿಯುವುದು. ಬಾಳೆಗೆ ನೀರು ಹೆಚ್ಚಾಯಿತು ಎನ್ನುವ ಮಾತನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ಸುರಿದೆ. ಡ್ರಮ್ಮಿನ ತಳಕ್ಕೆ ತೂತು ಮಾಡಬೇಕೆಂದೂ ಹೊಳೆಯಲಿಲ್ಲ. ಎಲೆ ಹಳದಿಯಾಯಿತು, ಬುಡ ಮೆತ್ತಗಾಯಿತು. ಆರೈಕೆ ಮಾಡಿ ಮಾಡಿಯೇ ಕೊಲ್ಲುತ್ತಿದ್ದೆ. ಒಳಗೊಳಗೇ ಸ್ವಲ್ಪ ಖುಷಿಯೂ ಇತ್ತು, ಅದನ್ನೂ ಬರೆದುಬಿಡುತ್ತೇನೆ.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಎದುರಿನ ಹುಲ್ಲಿನ ಮೇಲೆಲ್ಲ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಹಿಮ. ಬಾಳೆಯ ಎಲೆಗಳು ಬೆಂಕಿಗೆ ಹಿಡಿದಂತೆ ಕಪ್ಪಾಗಿ ಜೋತುಬಿದ್ದಿದ್ದವು. ನಾನು ಒಳಗೆ ಬಂದು ಮಂಚದಡಿಯ ಚೀಲ ಎಳೆದು ಸೀರೆ ಮಡಚತೊಡಗಿದೆ. ಆಗ ಪುಟ್ಟಿ, ನೀನು ಜಡೆ ಹಾಕಿಸಿಕೊಳ್ಳಲು ಬಂದೆ. ಹಲ್ಲು ಕಟಕಟ ಎನ್ನುತ್ತಿತ್ತು, ಮೈಮೇಲೆ ಶಾಲೆಯ ಸ್ವೆಟರ್ ಇರಲಿಲ್ಲ.

"ಸ್ವೆಟರ್ ಎಲ್ಲಿತ್ತ್?" ಎಂದು ಕೇಳಿದೆ.

"ಬಾಳಿಗ್ ಹಾಕಿದೆ."

ಹೋಗಿ ನೋಡಿದೆ. ನೀನು ಬಾಳೆದಿಂಡಿಗೆ ಸ್ವೆಟರ್ ಸುತ್ತಿ ತೋಳುಗಳನ್ನು ಗಂಟು ಹಾಕಿದ್ದೆ. ಇನ್ನೂ ಬಿಚ್ಚದ ಸುಳಿಗೆ ಚಿಣ್ಣನ ಒಂದು ಕಾಲುಚೀಲ ತೊಡಿಸಿತ್ತು.

"ಬಾಳಿ ಸತ್ರೆ ಅಜ್ಜಿ ಊರಿಗ್ ಹೋತ್ರ್ ಅಂದೇಳಿ ಅಮ್ಮ ಹೇಳಿತ್," ಎಂದೆ ನೀನು. ಚಿಣ್ಣ, ನೀನು ಒಂದೇ ಕಾಲುಚೀಲದಲ್ಲಿ ನಿಂತು, "ಇನ್ನೊಂದೂ ಹಾಕ್ಲಾ?" ಎಂದು ಕೇಳಿದೆ.

ನಾನು ತಮಾಷೆಗೆಂದು ಆಡಿದ ಮಾತನ್ನು ಮನೆಯಲ್ಲಿ ಇಬ್ಬರು ನಿಜವೆಂದೇ ಹಿಡಿದು ಕೂತಿದ್ದರು. ಚೀಲವನ್ನು ಮತ್ತೆ ಮಂಚದಡಿಗೆ ತಳ್ಳಿದೆ. ಸ್ವೆಟರನ್ನು ಎಷ್ಟು ತಿಕ್ಕಿದರೂ ಬಾಳೆಯ ಕಲೆ ಹೋಗಲಿಲ್ಲ. ಪುಟ್ಟಿ, ನೀನು ಆ ವರ್ಷವಿಡೀ ಕಂದು ಕಲೆಯ ಸ್ವೆಟರಿನಲ್ಲೇ ಶಾಲೆಗೆ ಹೋದೆ, ನಾನು ಅದನ್ನು ನೋಡಿದಾಗಲೆಲ್ಲ ಬೇರೆ ಕಡೆ ಮುಖ ಮಾಡಿದೆ.

ಅವತ್ತಿನಿಂದ ನಾನು ಬಾಳೆಯ ಕಡೆಯವಳಾದೆ. ಅಡುಗೆಯವರು ಡ್ರಮ್ಮಿಗೆ ತೂತು ಹಾಕಿ, ತಳಕ್ಕೆ ತೆಂಗಿನ ಸಿಪ್ಪೆ ತುಂಬಿಸಿ, ಬಾಯ್ಲರಿನ ಹಿಂದಿನ ಗೋಡೆಗೆ ತಾಗಿಸಿ ಇಟ್ಟರು. ಆ ಗೋಡೆ ಹಗಲೆಲ್ಲ ಬೆಚ್ಚಗಿರುತ್ತದೆ. ಹೋಟೆಲಿಗೆ ಹೂ ತರುವ ಹೆಂಗಸು ತನ್ನ ತೋಟದ ಹಳೇ ಪ್ಲಾಸ್ಟಿಕ್ ಹಾಳೆ ಕೊಟ್ಟಳು, ಅದರಿಂದ ಗೂಡು ಮಾಡಿದೆವು. ನಾನು ಕೊಡ ಎತ್ತಿದ್ದು ನೋಡಿ ಅವಳು ಕೈ ಹಿಡಿದು ತಡೆದಳು. ನನ್ನ ಬೆರಳನ್ನು ಮಣ್ಣಿಗೆ ಎರಡು ಗೆಣ್ಣಿನಷ್ಟು ಊರಿಸಿ, ಒದ್ದೆ ಇದ್ದರೆ ಬೇಡ, ಒಣಗಿದ್ದರೆ ಮಾತ್ರ ನೀರು ಎಂದು ಸನ್ನೆಯಲ್ಲೇ ಹೇಳಿಕೊಟ್ಟಳು. ಹುಟ್ಟಿದಾಗಿನಿಂದ ಬಾಳೆಯ ನಡುವೆ ಇದ್ದವಳು ಅರವತ್ತಾರನೇ ವಯಸ್ಸಿನಲ್ಲಿ ಬಾಳೆಗೆ ನೀರು ಹಾಕಲು ಕಲಿತೆ.

ಗಿಡ ಚೇತರಿಸಿತು. ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಅಜ್ಜನ ತಿಥಿಗೆ ಊರಿಗೆ ಹೋದವಳು ಗಂಗೊಳ್ಳಿಯಿಂದ ಒಣಮೀನಿನ ತಲೆಗಳ ಒಂದು ದೊಡ್ಡ ಪೊಟ್ಟಣ ತಂದೆ. ನಮ್ಮ ಕಡೆ ತೆಂಗಿಗೆ, ಬಾಳೆಗೆ ಮೀನಿನ ಗೊಬ್ಬರ ಹಾಕಿದರೆ ಅದರ ಸೊಕ್ಕೇ ಬೇರೆ. ಯಾರಿಗೂ ಹೇಳದೆ ಡ್ರಮ್ಮಿನಲ್ಲಿ ಹೂತು ಮೇಲೆ ಮಣ್ಣು ಮುಚ್ಚಿದೆ. ಊರಲ್ಲಿ ಅದು ಬಯಲಲ್ಲಿ, ಗಾಳಿಯಲ್ಲಿ ಇರುತ್ತದೆ. ಇಲ್ಲಿ ಬಾಯ್ಲರಿನ ಬಿಸಿ, ಪ್ಲಾಸ್ಟಿಕ್ಕಿನ ಗೂಡು, ಗೋಡೆಯಾಚೆ ಗಿರಾಕಿಗಳು ಕೂತು ಉಣ್ಣುವ ಜಾಗ. ಅದು ನನ್ನ ತಲೆಗೆ ಹೋಗಲಿಲ್ಲ.

ಮೂರನೇ ದಿನ ಗಿರಾಕಿಗಳು ಸಾಂಬಾರಿನ ಬಟ್ಟಲು ಮೂಗಿನ ಹತ್ತಿರ ಹಿಡಿದು ನೋಡತೊಡಗಿದರು. ನಿಮ್ಮಪ್ಪ ಚರಂಡಿ ತೆಗೆಸಿದರು, ಅಡುಗೆಮನೆ ತೊಳೆಸಿದರು. ಅಡುಗೆಯವರು ದೇವರ ಆಣೆ ಹಾಕಿದರು. ಹೇಳಿಬಿಡೋಣ ಎಂದು ನಾನು ಎರಡು ಸಲ ನಿಮ್ಮಪ್ಪ ಕೂರುವ ಗಲ್ಲಾಪೆಟ್ಟಿಗೆಯ ತನಕ ಹೋಗಿ, ಜನ ಇದ್ದಾರೆಂದು ನಾಚಿಕೆಯಾಗಿ ವಾಪಸು ಬಂದೆ. ನನ್ನಿಂದಾದಷ್ಟು ಸಹಾಯವಾಗಲಿ ಎಂದು ಊದುಬತ್ತಿ ಹಚ್ಚಿದೆ.

ಕೊನೆಗೆ ಹೇಳಿದ್ದು ಬೆಕ್ಕು. ಮಧ್ಯಾಹ್ನದ ಊಟದ ಹೊತ್ತಿಗೆ, ಹೋಟೆಲು ತುಂಬಿದ್ದಾಗ, ಬಾಯಲ್ಲೊಂದು ಮೀನಿನ ತಲೆ ಕಚ್ಚಿಕೊಂಡು ಸಾವಕಾಶವಾಗಿ ಬಂದು ನಡುವಿನ ಮೇಜಿನಡಿ ಕೂತಿತು. ನಿಮ್ಮಪ್ಪ ಬೆಕ್ಕನ್ನು ನೋಡಿದರು, ಆಮೇಲೆ ಬಾಗಿಲಲ್ಲಿ ಊದುಬತ್ತಿ ಹಿಡಿದು ನಿಂತ ನನ್ನನ್ನು ನೋಡಿದರು.

"ಗಂಗೊಳ್ಳಿದಾ, ಅತ್ತೆ?"

"ಹೌದ್."

"ಬಂಗ್ಡಿಯಾ?"

"ಹೌದ್."

ಅವರು ಹಣೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತರು. "ಪ್ಯೂರ್ ವೆಜ್ ಅಂದೇಳಿ ಹೊರಗ್ ಬೋರ್ಡ್ ಇತ್ತ್, ಅತ್ತೆ," ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಸಂಜೆ ತಾವೇ ಗುದ್ದಲಿ ಹಿಡಿದು ಮಣ್ಣೆಲ್ಲ ಬದಲಾಯಿಸಿದರು. ಬಾಳೆಯನ್ನು ಎಸೆಯುತ್ತಾರೆಂದು ಹೆದರಿ ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಬೇರನ್ನು ಮಗು ಎತ್ತಿದ ಹಾಗೆ ಎತ್ತಿ ಹೊಸ ಮಣ್ಣಿಗೆ ಇಳಿಸಿದರು. "ಇದ್ ಸತ್ರೆ ನೀವ್ ಹೋತ್ರಿ, ಮಕ್ಳ್ ನನ್ನ ಬಿಡುದಿಲ್ಲ," ಎಂದರು.

ಮೂರನೇ ವರ್ಷ ಬಾಳೆಹೂವಿನ ಮೂತಿ ಹೊರಟಿತು. ಎಳೆಗೊನೆಗೆ ಬೆರಳು ತೋರಿಸಬಾರದೆಂದು ನಿಮ್ಮಿಬ್ಬರ ಕೈ ಹಿಡಿದೆ. ದೃಷ್ಟಿಯಾಗದಿರಲಿ ಎಂದು ನಿಮ್ಮಪ್ಪನ ಹಳೇ ಚಪ್ಪಲಿ ಒಂದನ್ನು ಕಟ್ಟಿದೆ. ಗಿರಾಕಿಗಳು ಬಾಳೆಯ ಜೊತೆ ಫೋಟೋ ತೆಗೆಸಿಕೊಂಡಾಗ ಎಲ್ಲದರಲ್ಲೂ ಆ ಚಪ್ಪಲಿ ಬಂದಿದೆ. ನಾಲ್ಕೇ ಚಿಪ್ಪಿನ ಗೊನೆ. ಕಾಯಿ ಬಲಿಯಲು ಏಳೆಂಟು ತಿಂಗಳು ಹಿಡಿಯಿತು. ನಮ್ಮೂರಲ್ಲಾದರೆ ಅಂಥದ್ದನ್ನು ದನಕ್ಕೆ ಹಾಕುತ್ತಾರೆ. ನಾನು ಅದನ್ನು ದಿನಕ್ಕೆ ಹತ್ತು ಸಲ ನೋಡಿದೆ.

ಗೊನೆ ಬಂದಿತು, ಅಂದರೆ ನಾನು ಊಟಿಯಲ್ಲೇ ಇರಬೇಕು. ಆದರೆ ಕೊಯ್ದ ಮೇಲೆ ಅದು ಹಣ್ಣಾಗಲೇ ಇಲ್ಲ. ಅಕ್ಕಿಡಬ್ಬಿಯಲ್ಲಿಟ್ಟ ಒಂದು ಚಿಪ್ಪು ಸಿಪ್ಪೆ ಬೂದಿಬಣ್ಣವಾಗಿ, ಒಳಗೆ ಕಲ್ಲಿನ ಹಾಗೇ ಉಳಿಯಿತು. ಚಳಿಗೆ ಹಾಗೆ. "ಊರಿಗ್ ತಕಂಡ್ ಹೋತೆ, ಹಣ್ಣ್ ಮಾಡ್ಕಂಡ್ ಬತ್ತೆ," ಎಂದೆ.

"ಹೋಯ್ಕಾದ್ದ್ ಬಾಳಿಗಾ, ನಿಂಗಾ?" ಎಂದು ನಿಮ್ಮಮ್ಮ ಕೇಳಿದಳು. ನಾನು ಗೊನೆಗೆ ಗೋಣಿ ಸುತ್ತಿದೆ.

ಬಾಳೆಯ ಊರಿಗೆ ಬಾಳೆಗೊನೆ ಹೊತ್ತು ಬಸ್ಸಿಳಿದ ನನ್ನನ್ನು ನೋಡಿ ನನ್ನ ಓರಗಿತ್ತಿ ಅಂಗಳದಲ್ಲೇ ನಿಂತಳು. "ಹ್ವಾಯ್, ಇಲ್ಲ್ ಗೊನಿ ತಿಂಬುಕ್ ಜನ ಇಲ್ದೆ ಕೊಳಿತಾ ಇತ್ತ್. ನೀ ಊಟಿಂದ ಹೊತ್ಕಂಡ್ ಬಂದ್ಯಾ, ಮಾರಾಯ್ತಿ?" ಹುಲ್ಲಿನಡಿ ಇಟ್ಟ ಏಳನೇ ದಿನಕ್ಕೆ ಹಣ್ಣಾಯಿತು. ಗಾತ್ರ ನಿಮ್ಮ ಹೆಬ್ಬೆರಳಿನಷ್ಟು, ರುಚಿ ತುಸು ಹುಳಿ. ಅವಳು ಒಂದು ತಿಂದು, "ತಂಪಿತ್ತ್" ಎಂದಳು. ಇನ್ನೊಂದು ಕೇಳಲಿಲ್ಲ.

"ಬಾಳಿ ಕೆಲ್ಸ ಮುಗಿತ್ ಅಲ್ದಾ, ಇನ್ನೆಂತಕ್ಕೆ ಹೋತೆ? ಇಲ್ಲೇ ಇರ್," ಎಂದು ಈಗ ದಿನಾ ಹೇಳುತ್ತಿದ್ದಾಳೆ. ಸುಳ್ಳು ಹೇಳುವುದಿಲ್ಲ ಮಕ್ಕಳೇ, ಇಲ್ಲಿ ಮಂಡಿ ನೋಯುವುದಿಲ್ಲ. ಬಟ್ಟೆ ಒಂದು ಗಂಟೆಗೆ ಒಣಗುತ್ತದೆ. ಎಲ್ಲರ ಮಾತೂ ಅರ್ಥವಾಗುತ್ತದೆ. ನೀವು ಫೋನಿನಲ್ಲಿ ಕೇಳಿದ ದಿನ ನಾನು ಇಲ್ಲೇ ಇರುವುದೆಂದು ಅರ್ಧ ಮನಸ್ಸು ಮಾಡಿದ್ದೆ, ಅದಕ್ಕೇ ನಾಲಿಗೆ ಹೊರಳಲಿಲ್ಲ. ಆಮೇಲೆ ಹುಲ್ಲು ಸರಿಸಿ ಗೊನೆ ನೋಡುವಾಗ, ನಮ್ಮೂರಿನ ಯಾವ ಬಾಳೆಗೂ ಯಾರೂ ಕಾಲುಚೀಲ ಹಾಕಿರಲಿಲ್ಲ ಎಂದು ನೆನಪಾಯಿತು.

ನಾನು ಬರುತ್ತೇನೆ. ನಿಮಗೆಂದು ಎರಡು ಚಿಪ್ಪು ತೆಗೆದಿಟ್ಟಿದ್ದೇನೆ. ಹುಳಿ ಎನ್ನದೆ ತಿನ್ನಬೇಕು. ಡ್ರಮ್ಮಿನ ಹಳೇ ದಿಂಡು ಕಡಿದಾಗಿದೆ, ಪಕ್ಕದ ಕಂದಿಗೆ ನೀರು ಹಾಕುವ ಮೊದಲು ಎರಡು ಗೆಣ್ಣಿನಷ್ಟು ಬೆರಳು ಊರಿ ನೋಡಿ.

ಆದರೆ ಯಾರಾದರೂ "ಇನ್ನೆರಡು ದಿನ ಇರ್" ಎಂದರೆ ಇಲ್ಲ ಎನ್ನಲು ನನಗೆ ಬರುವುದಿಲ್ಲ, ನಿಮಗೇ ಗೊತ್ತು. ಆದ್ದರಿಂದ ಈ ಹಾಳೆಗಳನ್ನು ಪುಟ್ಟಿಯ ಪುಸ್ತಕದ ಪೆಟ್ಟಿಗೆಯಲ್ಲಿ ಜೋಪಾನವಾಗಿಡಿ, ಬಾಳೆಯ ಹತ್ತಿರ ಒಯ್ಯಬೇಡಿ, ಕಲೆ ಹೋಗುವುದಿಲ್ಲ. ಅಮಾವಾಸ್ಯೆಯೊಳಗೆ ನಾನು ಬಸ್ಸಿಳಿಯದಿದ್ದರೆ ನನಗೆ ಫೋನು ಮಾಡಿ, "ನಾನು ಬರುತ್ತೇನೆ" ಎಂದು ಬರೆದ ಸಾಲನ್ನು ಗಟ್ಟಿಯಾಗಿ ಓದಿ. ನಾನು "ಊಟ ಆಯ್ತಾ" ಎಂದರೆ ಮತ್ತೊಮ್ಮೆ ಓದಿ.